ಬ್ಯಾರಲ್ಲಿನ ಬಾಯಿ ಕಾಯುವ ಕೆಲಸ

(ಗೋದಾಮು, ತುಂಬುವ ಘಟಕ ಮತ್ತು ಸಾಗಣೆ ಕೆಲಸದವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎರಡು ಅಡಿ ಉದ್ದದ ಒಂದು ಉಕ್ಕಿನ ಅಡಿಪಟ್ಟಿ ತೆಗೆದುಕೊಳ್ಳಿ. ತುಂಬಿ ನಿಲ್ಲಿಸಿದ 200 ಲೀಟರಿನ ಬ್ಯಾರಲ್ಲಿನ ತಲೆಯ ಮೇಲೆ, ಬಾಯಿಯ ಮೇಲೇ ಹಾಯುವಂತೆ, ಅಂಚಿನಿಂದ ಅಂಚಿಗೆ ಅಡ್ಡ ಇಡಿ. ಆಮೇಲೆ ಕಣ್ಣನ್ನು ಅಂಚಿನ ಮಟ್ಟಕ್ಕೆ ತಂದು ನೋಡಿ. ಪಟ್ಟಿಗೂ ಬಾಯಿಯ ಮೇಲಿನ ಸೀಲಿಗೂ ನಡುವೆ ಬೆಳಕು ಕಂಡರೆ ಸರಿ. ಪಟ್ಟಿ ಸೀಲಿನ ಮೇಲೇ ಕೂತಿದ್ದರೆ ಆ ಬ್ಯಾರಲ್ಲಿನ ಮೇಲೆ ಇನ್ನೊಂದನ್ನು ಪೇರಿಸಬೇಡಿ, ಲಾರಿಗೂ ಹತ್ತಿಸಬೇಡಿ. ಇವತ್ತು ಹೇಳುವುದರಲ್ಲಿ ಬಹುಪಾಲು ಈ ಕೆಲವು ಮಿಲಿಮೀಟರ್ ಬೆಳಕನ್ನು ಉಳಿಸಿಕೊಳ್ಳುವುದರ ಬಗ್ಗೆಯೇ.

ಮೊದಲು ಬಾಯಿ ಹೇಗಿದೆ ನೋಡೋಣ. ಮುಚ್ಚಿದ ತಲೆಯ ಬ್ಯಾರಲ್ಲಿಗೆ ತಲೆಯ ಮೇಲೆ ಎರಡು ಬಾಯಿ. ತುಂಬಲು, ಸುರಿಯಲು 2 ಇಂಚಿನದು. ಅದರ ಎದುರು ಬದಿಯಲ್ಲಿ ಗಾಳಿಗೆ ಮುಕ್ಕಾಲು ಇಂಚಿನದು. ಎರಡೂ ಅಂಚಿಗೆ ಹತ್ತಿರದಲ್ಲೇ ಇರುತ್ತವೆ. ತಲೆಯ ತಗಡಿನಲ್ಲಿ ತೂತು ಕೊರೆದು, ಒಳಗಿನಿಂದ ಫ್ಲ್ಯಾಂಜ್ ಎಂಬ ಥ್ರೆಡ್ ಇರುವ ಬಳೆ ತೂರಿಸಿ, ನಡುವೆ ಒಂದು ವಾಷರ್ ಇಟ್ಟು, ತಗಡನ್ನೇ ಅದರ ಕುತ್ತಿಗೆಗೆ ಮಡಿಚಿ ಒತ್ತಿರುತ್ತಾರೆ. ಫ್ಲ್ಯಾಂಜಿನ ಬುಡ ಎಂಟು ಮೂಲೆಯದ್ದೋ ಹಲ್ಲು ಹಲ್ಲಾಗಿರುವುದೋ ಆಗಿರುತ್ತದೆ, ಪಾನಾ ಹಾಕಿದಾಗ ಅದು ತಿರುಗಬಾರದೆಂದು. ಇದಕ್ಕೆ ಸ್ಕ್ರೂ ಆಗಿ ಕೂರುವ ಬಿರಡೆಯೇ ಬಂಗ್. ಬಂಗಿಗೂ ತನ್ನದೇ ವಾಷರ್ ಇದೆ. ಅಂದರೆ ಒಂದು ಬಾಯಿಗೆ ಸೋರಲು ಎರಡು ದಾರಿ: ಬಂಗಿನ ವಾಷರಿನಲ್ಲಿ ಒಂದು, ಫ್ಲ್ಯಾಂಜ್ ಮತ್ತು ತಗಡಿನ ನಡುವೆ ಇನ್ನೊಂದು. ಸೋರುತ್ತಿದೆ ಎಂದ ಕೂಡಲೇ ಬಂಗನ್ನು ಇನ್ನಷ್ಟು ಬಿಗಿಯುವವರು ಈ ಎರಡನೆಯ ದಾರಿಯನ್ನು ಮರೆತಿರುತ್ತಾರೆ. ಅಲ್ಲಿ ಸೋರುತ್ತಿದ್ದರೆ ಬಿಗಿದಷ್ಟೂ ಹೆಚ್ಚು ಸೋರುತ್ತದೆ.

ತಲೆಯ ತಗಡು ಸಾಮಾನ್ಯವಾಗಿ ಒಂದು ಮಿಲಿಮೀಟರ್ ಆಸುಪಾಸಿನ ದಪ್ಪ. ಅದರ ಸುತ್ತ, ಮೈಯ ತಗಡು ಮತ್ತು ತಲೆಯ ತಗಡು ಸೇರಿ ಸುರುಳಿ ಮಡಿಕೆಯಾದ ಅಂಚಿದೆ. ತಲೆಯ ಮಟ್ಟಕ್ಕಿಂತ ಅದು ಸುಮಾರು 19 ಮಿ.ಮೀ. ಎತ್ತರ. ಇಡೀ ಬ್ಯಾರಲ್ಲಿನಲ್ಲಿ ಗಟ್ಟಿ ಜಾಗ ಅದು. ಪೆಟ್ಟು, ಮೇಲಿನ ಭಾರ, ಎಳೆತ ಎಲ್ಲ ಅಂಚಿಗೆ ಬೀಳಬೇಕು, ಬಾಯಿ ಅದರ ಮರೆಯಲ್ಲಿ ಕೂತಿರಬೇಕು. ಇಷ್ಟೇ ಇದರ ವಿನ್ಯಾಸ. ಉಕ್ಕಿನ ಬ್ಯಾರಲ್ಲಿಗೆ 1905ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಹೆನ್ರಿ ವೆಹ್ರ್‌ಹಾನ್ ಕೆಲಸ ಮಾಡುತ್ತಿದ್ದುದು, 72 ದಿನದಲ್ಲಿ ಭೂಮಿ ಸುತ್ತಿದ ಪತ್ರಕರ್ತೆ ನೆಲ್ಲಿ ಬ್ಲೈ ನಡೆಸುತ್ತಿದ್ದ ಕಾರ್ಖಾನೆಯಲ್ಲಿ. ಇವತ್ತಿನ ಬ್ಯಾರಲ್ಲಿನಲ್ಲಿ ಇರುವುದು ಅಂಚಿನ ಮರೆಯಲ್ಲಿ ಬಾಯಿ ಎಂಬ ಏರ್ಪಾಟು. 1937ರ ಜರ್ಮನ್ ಇಂಧನ ಕ್ಯಾನ್, ಅಂದರೆ ಜೆರ್ರಿಕ್ಯಾನ್ ಕೂಡ ಬಾಯಿಯನ್ನು ಓರೆ ಹೆಗಲಿನ ಮೇಲೆ, ಮೂರು ಹಿಡಿಗಳ ಪಕ್ಕದಲ್ಲಿ ಇಟ್ಟುಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾದ ಮರಳಿನಲ್ಲಿ ಬ್ರಿಟಿಷರ ತೆಳು ತಗಡಿನ 4 ಗ್ಯಾಲನ್ ಡಬ್ಬಗಳು ದಾರಿಯುದ್ದಕ್ಕೂ ಪೆಟ್ರೋಲ್ ಸೋರಿಸಿದವು. ಕೊನೆಗೆ ಅವರು ಶತ್ರುವಿನ ಕ್ಯಾನನ್ನೇ ನಕಲು ಮಾಡಿದರು.

ಈಗ ಈ ಮರೆ ಹೇಗೆ ತಪ್ಪುತ್ತದೆ ಎಂಬುದಕ್ಕೆ ಬರೋಣ. ಹೊರಗಿನ ಪೆಟ್ಟಿಗಿಂತ ಮೊದಲು ಒಳಗಿನದನ್ನು ಹೇಳುತ್ತೇವೆ, ಏಕೆಂದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬ್ಯಾರಲ್ಲನ್ನು ಕಂಠಪೂರ್ತಿ ತುಂಬಬಾರದು. 200 ಲೀಟರ್ ಎಂದು ಕರೆಯುವ ಬ್ಯಾರಲ್ಲಿನ ಪೂರ್ತಿ ಹಿಡಿತ ಸುಮಾರು 216 ಲೀಟರ್. ಲೂಬ್ರಿಕೇಶನ್ ಎಣ್ಣೆ ಒಂದು ಡಿಗ್ರಿ ಬಿಸಿಯಾದರೆ ಸಾವಿರಕ್ಕೆ 0.7 ಪಾಲಿನಷ್ಟು ಹಿಗ್ಗುತ್ತದೆ. 20 ಡಿಗ್ರಿಯಲ್ಲಿ 205 ಲೀಟರ್ ತುಂಬಿದ್ದು 55 ಡಿಗ್ರಿಗೆ ಏರಿದರೆ ಹಿಗ್ಗುವುದು 5 ಲೀಟರ್. ಇನ್ನೂ 6 ಲೀಟರ್ ಜಾಗ ಉಳಿಯಿತು, ಚಿಂತೆಯಿಲ್ಲ. ಅದೇ ಅಸಿಟೋನ್ ಆದರೆ ಡಿಗ್ರಿಗೆ ಸಾವಿರಕ್ಕೆ 1.4 ಪಾಲು. 205 ಲೀಟರ್ ತುಂಬಿದ್ದು 215 ಆಗುತ್ತದೆ. ಉಳಿದದ್ದು ಒಂದು ಲೀಟರ್, ಜೊತೆಗೆ ಆವಿಯ ಒತ್ತಡ ಬೇರೆ. ಮೇ ತಿಂಗಳ ಬಿಸಿಲಿನಲ್ಲಿ ಮುಚ್ಚಿದ ಕಂಟೇನರಿನೊಳಗೆ 55 ಡಿಗ್ರಿ ದೂರದ ಮಾತಲ್ಲ. ಅಪಾಯಕಾರಿ ದ್ರವಗಳ ಸಾಗಣೆಗೆ ವಿಶ್ವಸಂಸ್ಥೆಯ ಮಾದರಿ ನಿಯಮಗಳು 55 ಡಿಗ್ರಿಯಲ್ಲೂ ಪಾತ್ರೆ ಪೂರ್ತಿ ತುಂಬಿರಬಾರದು ಎನ್ನುವುದು ಇದಕ್ಕೇ.

ಒಳಗೆ ಒತ್ತಡ ಏರಿದರೆ ಬಾಯಿಗೇನಾಗುತ್ತದೆ? ತಲೆಯ ತಗಡು ಪೂರಿಯ ಹಾಗೆ ಉಬ್ಬುತ್ತದೆ. ಉಬ್ಬಿದ ತಗಡಿನ ಜೊತೆ ಬಾಯಿಯೂ ಮೇಲೇರುತ್ತದೆ. ಅಂಚಿನ ಮರೆಯಲ್ಲಿದ್ದ ಬಂಗ್ ಈಗ ಅಂಚಿನ ಮಟ್ಟಕ್ಕೆ ಬಂತು. ಮೇಲೆ ಕೂತ 200 ಕಿಲೋ ದಾಟಿದ ಇನ್ನೊಂದು ಬ್ಯಾರಲ್ ಅಂಚನ್ನು ಬಿಟ್ಟು ಬಂಗನ್ನು ಒತ್ತತೊಡಗುತ್ತದೆ. ಕಂಟೇನರ್ ತೆರೆದಾಗ ಸಿಗುವುದು ಒದ್ದೆ ನೆಲ, ಜೊತೆಗೆ ‘ಪೇರಿಸಿದವರ ತಪ್ಪು’ ಎಂಬ ವರದಿ. ತಪ್ಪಾದದ್ದು ತುಂಬಿದಲ್ಲಿ.

ಇದರ ತಿರುಗುಮುರುಗು ಬಿಸಿಯಾಗಿ ತುಂಬುವ ಸರಕಿನಲ್ಲಿ ಆಗುತ್ತದೆ. ಬಿಸಿ ಮೇಣವನ್ನೋ ರಾಳವನ್ನೋ ತುಂಬಿ ಕೂಡಲೇ ಬಿಗಿದರೆ, ತಣಿದಾಗ ಒಳಗೆ ನಿರ್ವಾತ ಉಂಟಾಗಿ ಮೈ ಒಳಕ್ಕೆ ಸೆಳೆದುಕೊಳ್ಳುತ್ತದೆ, ತಲೆ ತಗ್ಗುತ್ತದೆ, ಫ್ಲ್ಯಾಂಜ್ ಕೂತ ಮಡಿಕೆ ಓರೆಯಾಗುತ್ತದೆ. 2 ಇಂಚಿನ ಬಂಗ್ ಹಾಕಿ, ಮುಕ್ಕಾಲು ಇಂಚಿನದನ್ನು ಕೈಯಲ್ಲಿ ಒಂದೆರಡು ಸುತ್ತು ಮಾತ್ರ ತಿರುಗಿಸಿ, ಮೇಲೆ ಶುಭ್ರವಾದ ಮುಚ್ಚಳ ಕವಿದು ತಣಿಯಲು ಬಿಡಿ. ಮೈ ಮುಟ್ಟುವಷ್ಟು ತಣಿದ ಮೇಲೆ ಬಿಗಿಯಿರಿ. ಬೆಂಕಿ ಹೊತ್ತುವ ಆವಿಯ ಸರಕಿಗೆ ಈ ಉಪಾಯ ಸಲ್ಲದು. ಅದನ್ನು ತುಂಬುವ ಮೊದಲೇ ತಣಿಸಬೇಕು.

ಇನ್ನು ಬಿಗಿಯುವುದು. ‘ಆದಷ್ಟೂ ಗಟ್ಟಿಯಾಗಿ’ ಎಂಬುದು ಅಳತೆಯಲ್ಲ. ರಬ್ಬರ್ ವಾಷರಿನ ಉಕ್ಕಿನ ಬಂಗುಗಳಿಗೆ ತಯಾರಕರು ಕೊಡುವ ಅಳತೆ ಸಾಮಾನ್ಯವಾಗಿ 2 ಇಂಚಿನದಕ್ಕೆ 27ರಿಂದ 40 ನ್ಯೂಟನ್ ಮೀಟರ್, ಮುಕ್ಕಾಲು ಇಂಚಿನದಕ್ಕೆ ಅದರ ಅರ್ಧದ ಆಸುಪಾಸು. ವಾಷರ್ ಬದಲಾದರೆ ಅಂಕಿಯೂ ಬದಲಾಗುತ್ತದೆ, ಹಾಗಾಗಿ ನಿಮ್ಮ ಬ್ಯಾರಲ್ಲಿನ ಜೊತೆ ಬಂದ ಸೂಚನೆಯ ಹಾಳೆಯನ್ನು ತುಂಬುವ ಜಾಗದ ಗೋಡೆಗೆ ಅಂಟಿಸಿಡಿ. 40 ನ್ಯೂಟನ್ ಮೀಟರ್ ಎಂದರೆ ಒಂದಡಿ ಉದ್ದದ ಹಿಡಿಯ ತುದಿಯಲ್ಲಿ ಸುಮಾರು 13 ಕಿಲೋ ಭಾರದ ಎಳೆತ. ಅದೇ ಹಿಡಿಗೆ ಮೂರಡಿ ಪೈಪ್ ತೂರಿಸಿ ಮೈಭಾರ ಹಾಕಿ ಎಳೆದರೆ ಇದರ ಹತ್ತು ಪಟ್ಟು ದಾಟುವುದು ಕಷ್ಟವಲ್ಲ. ಆಗ ವಾಷರ್ ಹೊರಕ್ಕೆ ಜಿನುಗಿ ಸೀಳುತ್ತದೆ, ಇಲ್ಲವೇ ಫ್ಲ್ಯಾಂಜ್ ತನ್ನ ಮಡಿಕೆಯಲ್ಲೇ ತಿರುಗಿಬಿಡುತ್ತದೆ. ಒಮ್ಮೆ ತಿರುಗಿದ ಫ್ಲ್ಯಾಂಜನ್ನು ಗೋದಾಮಿನಲ್ಲಿ ಯಾರೂ ಸರಿಮಾಡಲಾರರು.

ಕ್ರಮ ಹೀಗೆ: ಥ್ರೆಡ್ಡಿನಲ್ಲಿ ಕೂತ ಸರಕನ್ನು ಬಟ್ಟೆಯಿಂದ ಒರೆಸಿ. ವಾಷರನ್ನು ಬೆರಳಿನಿಂದ ಸುತ್ತ ಸವರಿ ನೋಡಿ. ಚಪ್ಪಟೆಯಾಗಿದ್ದರೆ, ಊದಿದ್ದರೆ, ಬಿರುಕಿದ್ದರೆ ಬದಲಿಸಿ. ಬಂಗನ್ನು ಕೈಯಲ್ಲೇ ಹಚ್ಚಿ, ಮೊದಲು ಎಡಕ್ಕೆ ಕಾಲು ಸುತ್ತು ತಿರುಗಿಸಿ. ಥ್ರೆಡ್ ‘ಟಕ್’ ಎಂದು ಕೂತ ಮೇಲೆ ಬಲಕ್ಕೆ. ಕೈಯಲ್ಲಿ ಎರಡು ಸುತ್ತಾದರೂ ಸಲೀಸಾಗಿ ಹೋಗದಿದ್ದರೆ ಥ್ರೆಡ್ ಅಡ್ಡ ಹತ್ತಿದೆ, ಬಿಚ್ಚಿ ಮತ್ತೆ ಹಚ್ಚಿ. ಕೊನೆಯ ಬಿಗಿತ, ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ಪಾನಾದಿಂದ. ಮರುದಿನ ಅಳೆದರೆ ಬಿಗಿತ ಕಡಿಮೆ ತೋರಿಸುತ್ತದೆ. ಅದು ರಬ್ಬರ್ ಒತ್ತಿ ಕೂತ ಗುಣ. ಸೋರದಿದ್ದರೆ ಮತ್ತೆ ಬಿಗಿಯುವ ಚಪಲ ಬೇಡ.

ವಾಷರ್ ಯಾವುದು ಎಂಬುದರಲ್ಲಿ ಒಂದು ಮಾತು ಸಾಕು: ಪೆಟ್ರೋಲಿಯಂ ಎಣ್ಣೆಗೆ ಇಪಿಡಿಎಂ ರಬ್ಬರ್ ಹಾಕಬೇಡಿ, ಊದಿಕೊಳ್ಳುತ್ತದೆ, ಅದಕ್ಕೆ ನೈಟ್ರೈಲ್. ಅಸಿಟೋನಿನಂಥದಕ್ಕೆ ನೈಟ್ರೈಲ್ ಬೇಡ, ಇಪಿಡಿಎಂ ಸರಿ. ಎರಡೂ ಕರ್ರಗೇ ಇರುವುದರಿಂದ ಒಂದೇ ಡಬ್ಬಿಯಲ್ಲಿ ಬೆರೆಸಿಟ್ಟರೆ ಮುಗಿಯಿತು.

ಕ್ಯಾಪ್ ಸೀಲ್ ಬಗ್ಗೆ ಒಂದು ತಪ್ಪು ನಂಬಿಕೆ ಎಲ್ಲ ಕಡೆ ಇದೆ. ಬಂಗಿನ ಮೇಲೆ ಒತ್ತುವ ಆ ತಗಡಿನ ಟೋಪಿ ಧೂಳು, ನೀರು ಮತ್ತು ಕಳ್ಳಕೈ ತಡೆಯುವುದಕ್ಕೆ. ಸೋರಿಕೆ ನಿಲ್ಲಿಸುವುದು ಅದರ ಕೆಲಸವಲ್ಲ, ಭಾರ ಹೊರುವುದಂತೂ ಅಲ್ಲವೇ ಅಲ್ಲ. ಸಡಿಲ ಬಂಗಿನ ಮೇಲೆ ಸೀಲ್ ಒತ್ತಿದರೆ ಸೋರಿಕೆ ಮರೆಯಾಗುತ್ತದೆ ಅಷ್ಟೆ. 2 ಇಂಚಿಗೂ ಮುಕ್ಕಾಲಿಗೂ ಒತ್ತುವ ಉಪಕರಣ ಬೇರೆ ಬೇರೆ. ಸುತ್ತಿಗೆಯಿಂದ ತಟ್ಟಿ ಕೂರಿಸುವುದು ಬಾಯಿಗೆ ನಾವೇ ಕೊಡುವ ಮೊದಲ ಪೆಟ್ಟು.

ಹೊರಗಿನ ಪೆಟ್ಟುಗಳಲ್ಲಿ ದೊಡ್ಡದು ಲಾರಿಯಿಂದ ಇಳಿಸುವಾಗಿನದು. ಲಾರಿಯ ತಳ ನೆಲದಿಂದ ನಾಲ್ಕು ಅಡಿ ಆಸುಪಾಸು, ಅಂದರೆ 1.2 ಮೀಟರ್. ಮಧ್ಯಮ ಅಪಾಯದ ಸರಕಿನ ಪಾತ್ರೆಗೆ ವಿಶ್ವಸಂಸ್ಥೆಯ ನಿಯಮದ ಬೀಳಿಸುವ ಪರೀಕ್ಷೆಯ ಎತ್ತರವೂ 1.2 ಮೀಟರೇ. ಆ ಪರೀಕ್ಷೆಯಲ್ಲಿ ಬ್ಯಾರಲ್ಲನ್ನು ಓರೆಯಾಗಿ ಅಂಚಿನ ಮೇಲೆ ಬೀಳಿಸುತ್ತಾರೆ, ಬೇರೆ ಮಾದರಿಗಳನ್ನು ಬಾಯಿಯಂಥ ದುರ್ಬಲ ಜಾಗದ ಮೇಲೆ. ಹೊಸ ಬ್ಯಾರಲ್ ಒಮ್ಮೆ ತಾಳಿಕೊಳ್ಳುತ್ತದೆ ಎಂದಷ್ಟೇ ಅದರ ಅರ್ಥ. ನಮ್ಮಲ್ಲಿ ಅದೇ ಬ್ಯಾರಲ್ ಪ್ರತಿ ಇಳಿಸುವಿಕೆಯಲ್ಲೂ ಹಳೆ ಟೈರಿನ ಮೇಲೆ ಆ ಪರೀಕ್ಷೆ ಬರೆಯುತ್ತಿರುತ್ತದೆ. ಟೈರ್ ಹಾಕಲೇಬೇಕಾಗಿ ಬಂದರೆ ಬ್ಯಾರಲ್ ಅದರ ಮೇಲೆ ಅಡ್ಡಲಾಗಿ, ಮೈಯ ಉಬ್ಬುಬಳೆಗಳ ಮೇಲೆ ಬೀಳಬೇಕು. ತಲೆಕೆಳಗಾಗಿ ಬಾಯಿ ಇರುವ ಬದಿಯ ಅಂಚಿಗೆ ಬಿದ್ದರೆ ಅಂಚು ಒಳಕ್ಕೆ ಮಡಿಯುತ್ತದೆ, ಪಕ್ಕದಲ್ಲೇ ಇರುವ ಫ್ಲ್ಯಾಂಜ್ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಗುಂಡನೆಯ ಬಂಗ್ ಮೊಟ್ಟೆಯಾಕಾರದ ಬಾಯಿಯನ್ನು ಹೇಗೆ ಮುಚ್ಚೀತು?

ಟೈರಿಗಿಂತ ವಾಸಿ ಎರಡು ಮರದ ತೊಲೆ. 3 ಮೀಟರ್ ಉದ್ದ, ನಡುವೆ ಮುಕ್ಕಾಲು ಮೀಟರಿಗಿಂತ ಕಡಿಮೆ ಅಂತರ, ಮೇಲ್ತುದಿಗೆ ಲಾರಿಯ ತಳಕ್ಕೆ ಸಿಕ್ಕಿಕೊಳ್ಳುವ ಕೊಕ್ಕೆ. ಬ್ಯಾರಲ್ಲಿಗೆ ಹಗ್ಗದ ಎರಡು ಕುಣಿಕೆ ಸುತ್ತಿ, ತುದಿಗಳನ್ನು ಲಾರಿಯ ಮೇಲಿಂದ ಇಬ್ಬರು ಸಡಿಲಿಸುತ್ತ ಇಳಿಸಬೇಕು. ಕೆಳಗೆ, ಬ್ಯಾರಲ್ ಉರುಳುವ ದಾರಿಯಲ್ಲಿ ಯಾರೂ ನಿಲ್ಲಬಾರದು. ಇದಕ್ಕೆ ಹೊತ್ತು ಹಿಡಿಯುತ್ತದೆ, ನಿಜ. ಹಮಾಲರನ್ನು ಬೈಯುವುದು ಸುಲಭ. ಕೂಲಿಯನ್ನು ಬ್ಯಾರಲ್ ಲೆಕ್ಕದಲ್ಲಿ ಕೊಟ್ಟು, ನಿಧಾನ ಮಾಡಿ ಎಂದರೆ ಯಾರು ಕೇಳುತ್ತಾರೆ? ಬಾಯಿ ಕಾಯುವ ಮೊದಲ ಖರ್ಚು ಆ ಕೂಲಿಯಲ್ಲೇ ಸೇರಬೇಕು.

ಪೇರಿಸುವಾಗ ಆಗುವ ಹಾನಿ ಇಂಚಿನ ಲೆಕ್ಕದ್ದು. ಮೇಲಿನ ಬ್ಯಾರಲ್ಲಿನ ಕೆಳಅಂಚು ಕೆಳಗಿನದರ ಮೇಲಂಚಿನ ಮೇಲೆ ನೇರ ಕೂತಿದ್ದರೆ ತೊಂದರೆಯಿಲ್ಲ. ಎರಡು ಮೂರು ಇಂಚು ಸರಿದರೆ ಆ ಚೂಪು ಅಂಚು ಅಂಚಿನಿಂದ ಜಾರಿ ತಲೆಯ ತಗಡಿಗೆ ಇಳಿಯುತ್ತದೆ. ಬಾಯಿ ಇರುವುದೂ ಅಂಚಿನಿಂದ ಅಷ್ಟೇ ದೂರದಲ್ಲಿ. 20 ಅಡಿ ಕಂಟೇನರಿನಲ್ಲಿ ಸಾಮಾನ್ಯವಾಗಿ 40ರಂತೆ ಎರಡು ಸಾಲು, ಒಟ್ಟು 80 ಬ್ಯಾರಲ್ ಹಿಡಿಯುತ್ತವೆ. ಹಡಗು ತೊನೆದಾಡುವಾಗ ಮೇಲಿನ 40 ಸರಿಯದೆ ಇರಬೇಕಾದರೆ ಎರಡು ಸಾಲುಗಳ ನಡುವೆ ಪ್ಲೈವುಡ್ ಹಾಸಲೇಬೇಕು. ಹಾಳೆಯ ತುದಿ ಬ್ಯಾರಲ್ಲಿನ ನಡುವೆ ಬರಬಾರದು, ಎರಡು ಅಂಚುಗಳ ಮೇಲೆ ನಿಂತಿರಬೇಕು. ತೆಳು ರಟ್ಟು ಸಾಲದು, ತೇವಕ್ಕೆ ಮೆತ್ತಗಾಗಿ ಅಂಚಿನ ಆಕಾರಕ್ಕೇ ಒತ್ತಿಹೋಗುತ್ತದೆ. ಬಾಗಿಲ ಕಡೆ ಉಳಿಯುವ ಸಂದಿಗೆ ಮರದ ತಡೆ ಕೊಡಿ.

ನಾಲ್ಕು ಬ್ಯಾರಲ್ಲಿನ ಪ್ಯಾಲೆಟ್ ಆದರೆ 2 ಇಂಚಿನ ಬಾಯಿಗಳನ್ನು ನಾಲ್ಕೂ ಪ್ಯಾಲೆಟ್ಟಿನ ನಡುವಿಗೆ ಮುಖ ಮಾಡಿ ನಿಲ್ಲಿಸಿ. ಬಾಗಿಲ ಚೌಕಟ್ಟಿಗೆ, ಲಾರಿಯ ಪಕ್ಕದ ಹಲಗೆಗೆ ತಾಗುವುದು ಹೊರಬದಿಯ ಅಂಚು. ಫೋರ್ಕ್‌ಲಿಫ್ಟಿಗೆ ಅಂಚನ್ನು ಕೊಕ್ಕಿನಂತೆ ಕಚ್ಚಿ ಎತ್ತುವ ಉಪಕರಣ ಹಾಕಿದ್ದರೆ, ಕಚ್ಚುವ ಜಾಗ ಎರಡೂ ಬಾಯಿಗೆ ಕಾಲು ಸುತ್ತು ದೂರವಿರಲಿ. ಲಾರಿಯಲ್ಲಿ ಕಟ್ಟುವ ಪಟ್ಟಿಯನ್ನು ತಲೆಯ ಮೇಲೆ ಹಾಯಿಸಿ ಜಗ್ಗಬೇಡಿ. ಪಟ್ಟಿ ತಗ್ಗಿನಲ್ಲಿ ಇಳಿದು ಸೀಲನ್ನು ಹಿಡಿದೆಳೆಯುತ್ತದೆ. ಮೈಯ ಸುತ್ತ, ಎರಡು ಉಬ್ಬುಬಳೆಗಳ ನಡುವೆ ಕಟ್ಟಿ. ನಲ್ಲಿ ಕೂರಿಸಿದ ಬ್ಯಾರಲ್ ಸಾಗಿಸುವುದಂತೂ ಬೇಡವೇ ಬೇಡ. ನಲ್ಲಿ ಬಿಚ್ಚಿ ಬಂಗ್ ಹಾಕಿ.

ಕರಾವಳಿಯವರು ಮುಂದಿನದನ್ನು ಸ್ವಲ್ಪ ಗಮನವಿಟ್ಟು ಕೇಳಬೇಕು. ವರ್ಷಕ್ಕೆ 3,500 ಮಿ.ಮೀ. ದಾಟಿ ಮಳೆ ಸುರಿಯುವ ಮಂಗಳೂರಿನಲ್ಲಿ ಗೋಡಂಬಿ ಸಿಪ್ಪೆಯ ಎಣ್ಣೆಯ ಬ್ಯಾರಲ್ಲುಗಳು ಅಂಗಳದಲ್ಲಿ ನಿಂತಿದ್ದರೆ, ಬಾಯಿಯನ್ನು ಕಾಪಾಡುವ ಆ ಅಂಚೇ ಅದಕ್ಕೆ ವೈರಿ. 57 ಸೆಂ.ಮೀ. ಅಗಲದ ತಲೆ, 19 ಮಿ.ಮೀ. ಎತ್ತರದ ಅಂಚು: ಒಂದು ಬ್ಯಾರಲ್ಲಿನ ತಲೆಯ ಮೇಲೆ ಹೆಚ್ಚುಕಡಿಮೆ 5 ಲೀಟರ್ ನೀರು ನಿಲ್ಲುತ್ತದೆ. ಬಾಯಿ ಆ ಕೆರೆಯ ತಳದಲ್ಲಿ. ಬಿಸಿಲಿಗೆ ಕಾದ ಬ್ಯಾರಲ್ಲಿಗೆ ಸಂಜೆ ಮಳೆ ಹೊಡೆದು 10 ಡಿಗ್ರಿ ತಣಿದರೆ, 200 ಲೀಟರ್ ಎಣ್ಣೆ ಒಂದೂವರೆ ಲೀಟರಿನಷ್ಟು ಕುಗ್ಗುತ್ತದೆ. ಆ ಸೆಳೆತಕ್ಕೆ ಒಳಗೆ ಹೋಗುವುದು ಗಾಳಿಯಲ್ಲ, ನಿಂತ ನೀರು. ಎಣ್ಣೆ ಹೊರಗೆ ಸೋರದಷ್ಟು ಬಿಗಿಯಾದ ಬಂಗ್ ಕೂಡ ನೀರನ್ನು ಹನಿಹನಿಯಾಗಿ ಒಳಗೆಳೆದುಕೊಳ್ಳಬಲ್ಲದು. ಜೊತೆಗೆ ಥ್ರೆಡ್ಡಿಗೆ ತುಕ್ಕು ಹಿಡಿಯುತ್ತದೆ. ಮುಂದಿನ ಸಲ ತೆರೆಯುವಾಗ ಪಾನಾ ಸಾಲದೆ ಉಳಿ ಸುತ್ತಿಗೆ ಬರುತ್ತವೆ.

ಸೂರಿನಡಿ ಇಡುವುದು ಮೊದಲ ಮದ್ದು. ಆಗದಿದ್ದರೆ ಅಡ್ಡ ಮಲಗಿಸಿ, ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಒಂದು ಬಾಯಿ ಮೂರರಲ್ಲಿ, ಇನ್ನೊಂದು ಒಂಬತ್ತರಲ್ಲಿ ಬರುವಂತೆ. ಆಗ ಎರಡೂ ಬಾಯಿಗೆ ಒಳಗಿನಿಂದ ಎಣ್ಣೆ ತಾಗಿರುತ್ತದೆ, ಹೊರಗೆ ನೀರು ನಿಲ್ಲುವುದಿಲ್ಲ. ಉರುಳದಂತೆ ಎರಡೂ ಬದಿಗೆ ಬೆಣೆ ಕೊಡಿ. ನಿಲ್ಲಿಸಿಯೇ ಇಡಬೇಕಾದರೆ ಕೆಳಗೆ ಒಂದು ಬದಿಗೆ ಮರದ ತುಂಡಿಟ್ಟು ಓರೆ ಮಾಡಿ. ಎರಡೂ ಬಾಯಿ ಒಂದೇ ಎತ್ತರದಲ್ಲಿ, ಓರೆಗೆ ಅಡ್ಡಲಾಗಿ ಬರಬೇಕು. ತುಂಡು ಎಷ್ಟು ದಪ್ಪ? ಒಂದಿಂಚು ಸಾಲದು. ಅಷ್ಟು ಓರೆಗೆ ಅಂಚಿನ ಮಡಿಲಲ್ಲಿ ನಿಂತ ನೀರು 43 ಸೆಂ.ಮೀ. ತನಕ ಹರಡುತ್ತದೆ, ಬಾಯಿ ಮುಳುಗುತ್ತದೆ. ಎರಡಿಂಚು ಇಟ್ಟರೆ ನೀರು 22 ಸೆಂ.ಮೀ.ಗೆ ನಿಲ್ಲುತ್ತದೆ, ಬಾಯಿಯ ಹತ್ತಿರದ ಅಂಚು 25 ಸೆಂ.ಮೀ. ದೂರದಲ್ಲಿರುವುದರಿಂದ ಒಣಗಿರುತ್ತದೆ. ಹೀಗೆ ಓರೆ ಮಾಡಿದ ಬ್ಯಾರಲ್ಲಿನ ಮೇಲೆ ಪೇರಿಸುವಂತಿಲ್ಲ.

ಸಣ್ಣ ಪಾತ್ರೆಗಳಿಗೂ ನಿಯಮ ಇದೇ. 20 ಲೀಟರಿನ ತಗಡಿನ ಬಕೆಟ್ಟಿನಲ್ಲಿ ಮೇಲೆಳೆಯುವ ಪ್ಲಾಸ್ಟಿಕ್ ಮೂತಿ ಇರುತ್ತದಲ್ಲ, ಅದು ಪೂರ್ತಿ ಮಡಿಚಿ ಅಂಚಿನ ಕೆಳಗೆ ಕೂತಿರಬೇಕು. ಒಮ್ಮೆ ಎಳೆದು ಬಳಸಿದ್ದನ್ನು ಅರ್ಧ ಒತ್ತಿ ಸಾಗಿಸಬೇಡಿ. ಅದರ ಬುಡದ ತಗಡಿನ ಬಳೆ ನೆಗ್ಗಿದರೆ ದುರಸ್ತಿಯಿಲ್ಲ. 15 ಕಿಲೋ ಎಣ್ಣೆಯ ಚೌಕ ಟಿನ್ನಿನಲ್ಲಿ ಮುಚ್ಚಳ ಅಂಚಿಗಿಂತ ಮೇಲೆ ಚಾಚಿದ್ದರೆ, ಆ ಜಾಗಕ್ಕೆ ತೂತು ಕೊರೆದ ಪ್ಯಾಡ್ ಹಾಸಿ ಮೇಲಿನ ಟಿನ್ ಇಡಿ. ಪ್ಯಾಡಿನ ದಪ್ಪ ಮುಚ್ಚಳ ಚಾಚಿದ್ದಕ್ಕಿಂತ ಕನಿಷ್ಠ 5 ಮಿ.ಮೀ. ಹೆಚ್ಚಿರಲಿ, ಭಾರಕ್ಕೆ ಅದು ಒತ್ತಿಹೋಗುತ್ತದೆ.

ತೆರೆಯುವಾಗ ಮೊದಲು ಮುಕ್ಕಾಲು ಇಂಚಿನದು, ಅದೂ ಅರ್ಧ ಸುತ್ತು. ‘ಉಸ್’ ಎಂಬ ಸದ್ದು ನಿಲ್ಲುವ ತನಕ ಕಾದು, ಆಮೇಲೆ 2 ಇಂಚಿನದು. ಬಂಗ್ ಪಾನಾ ಬಿಟ್ಟು ಉಳಿ ಬಳಸಿದರೆ ಬಂಗಿನೊಳಗಿನ ಹಿಡಿತದ ಗುಬುಟುಗಳು ಮುರಿಯುತ್ತವೆ, ಲೋಹದ ಚೂರು ಥ್ರೆಡ್ಡಿಗೆ ಸೇರುತ್ತದೆ, ಕಿಡಿ ಹಾರುತ್ತದೆ. ದ್ರಾವಕಗಳಿಗೆ ಕಿಡಿ ಹಾರದ ಕಂಚಿನ ಪಾನಾ ಇಟ್ಟುಕೊಳ್ಳಿ.

ಅನುಮಾನ ಬಂದ ಖಾಲಿ ಬ್ಯಾರಲ್ಲಿಗೆ ಗಾಳಿಯ ಪರೀಕ್ಷೆ ಮಾಡಬಹುದು. ಸಾಬೂನು ನೀರು ಬಾಯಿಯ ಸುತ್ತ ಹಚ್ಚಿ, ಒತ್ತಡ 20 ಕಿಲೋಪ್ಯಾಸ್ಕಲ್, ಅಂದರೆ 3 ಪಿಎಸ್‌ಐ. ಗುಳ್ಳೆ ಬಂಗಿನ ಸುತ್ತ ಎದ್ದರೆ ವಾಷರ್ ಬದಲಿಸಿ. ಫ್ಲ್ಯಾಂಜಿನ ಹೊರಮಡಿಕೆಯಲ್ಲಿ ಎದ್ದರೆ ಆ ಬ್ಯಾರಲ್ಲನ್ನು ಸಾಲಿನಿಂದ ತೆಗೆಯಿರಿ. 3 ಪಿಎಸ್‌ಐ ಎಂದರೆ ಕಡಿಮೆ ಎನಿಸಬಹುದು, ಆದರೆ ಆ ತಲೆಯ ಮೇಲೆ ಅದು ಅರ್ಧ ಟನ್ನಿನ ಒತ್ತು. ನಿಯಂತ್ರಕವಿಲ್ಲದೆ ಕಂಪ್ರೆಸರಿನ 7 ಬಾರ್ ಪೈಪನ್ನು ನೇರ ತೂರಿಸಿದರೆ ಲೆಕ್ಕ 18 ಟನ್ನಿಗೆ ಹೋಗುತ್ತದೆ, ತಲೆ ಹಾರುತ್ತದೆ. ತುಂಬಿದ ಬ್ಯಾರಲ್ಲಿನ ಬಾಯಿ ನೆಗ್ಗಿದ್ದರೆ ಅಲ್ಲೇ ಬಡಿದು ನೇರ ಮಾಡಬೇಡಿ. ಸರಕನ್ನು ಬೇರೆ ಬ್ಯಾರಲ್ಲಿಗೆ ವರ್ಗಾಯಿಸಿ, ಇಲ್ಲವೇ ಇಡೀ ಬ್ಯಾರಲ್ಲನ್ನೇ ನುಂಗುವ, ತೆರೆದ ತಲೆಯ 320 ಲೀಟರಿನ ರಕ್ಷಣಾ ಬ್ಯಾರಲ್ಲಿಗೆ ಇಳಿಸಿ ಮುಚ್ಚಿ. ತುಂಬುವ ಘಟಕದಲ್ಲಿ ಅಂಥದ್ದು ಒಂದಾದರೂ ಖಾಲಿ ಇರಬೇಕು.

ಕೊನೆಯದಾಗಿ ಖಾಲಿ ಬ್ಯಾರಲ್ಲುಗಳು. ಬಾಯಿ ಹೆಚ್ಚು ಹಾಳಾಗುವುದು ಖಾಲಿ ವಾಪಸ್ ಬರುವಾಗ, ಏಕೆಂದರೆ ಆಗ ಅವನ್ನು ಯಾರೂ ಸರಕೆಂದು ಎಣಿಸುವುದಿಲ್ಲ. ಬಂಗ್ ಇಲ್ಲದ ಫ್ಲ್ಯಾಂಜ್ ಟೊಳ್ಳು ಬಳೆ, ಸಣ್ಣ ಪೆಟ್ಟಿಗೂ ಆಕಾರ ಕೆಡುತ್ತದೆ. ಬಂಗ್ ಕೂತಿದ್ದರೆ ಅದು ಒಳಗಿನ ಆಧಾರ. ಸುರಿದು ಮುಗಿದ ಕೂಡಲೇ ಎರಡೂ ಬಂಗನ್ನು ಅದೇ ಬ್ಯಾರಲ್ಲಿಗೆ ಕೈಬಿಗಿತಕ್ಕೆ ಹಾಕಿಸಿ. ಬೇರೆ ಚೀಲದಲ್ಲಿ ಕಟ್ಟಿ ಕಳಿಸುತ್ತೇವೆ ಎಂದರೆ ಒಪ್ಪಬೇಡಿ. ಲಾರಿಯಿಂದ ಇಳಿಸುವ ಮೊದಲು ಬಂಗುಗಳನ್ನು ಎಣಿಸಿ, ಕಡಿಮೆ ಬಿದ್ದದ್ದನ್ನು ಚೀಟಿಯಲ್ಲಿ ಬರೆದು ಚಾಲಕರ ಸಹಿ ಹಾಕಿಸಿಕೊಳ್ಳಿ.